‘ಗ್ಯಾಸ್ ಮುಗಿದಿದೆ’ ಎಂದರೆ ನಂಬುವ ಮುನ್ನ

ಮಾಲೂರಿನ ಹೆಂಚು, ಇಟ್ಟಿಗೆಗಳು ನಾಡಿನಲ್ಲೆಲ್ಲ ಹೆಸರಾದವು. ಗೂಡುಗಳ ಕೆಂಧೂಳು ಮಾತ್ರ ಸುತ್ತಲಿನ ಮನೆಗಳಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಸಣ್ಣ ಫ್ರಿಜ್ ತಂಪು ನೀಡದಾದಾಗ ಆ ಧೂಳನ್ನು ಯಾರೂ ಶಂಕಿಸುವುದಿಲ್ಲ. ‘ಗ್ಯಾಸ್ ಮುಗಿದಿದೆ’ ಎಂಬ ರಿಪೇರಿಯವರ ಮಾತನ್ನೇ ಒಪ್ಪಿಬಿಡುತ್ತೇವೆ. ಇದು ನಮ್ಮ ಜೇಬಿಗೂ ಆಕಾಶಕ್ಕೂ ನಷ್ಟ.

ಫ್ರಿಜ್ಜಿನ ಅನಿಲ ಒಲೆಯ ಗ್ಯಾಸಿನಂತೆ ಉರಿದು ಮುಗಿಯುವಂಥದಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದು ಒಳಗೆ ಆವಿಯಾಗಿ ಶಾಖವನ್ನು ಹೀರುತ್ತದೆ, ಹಿಂಬದಿಯ ಜಾಲರಿಯಲ್ಲಿ ದ್ರವವಾಗಿ ಅದನ್ನು ಹೊರಹಾಕುತ್ತದೆ. ಹೀಗೆಯೇ ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ತೂತನ್ನು ಮುಚ್ಚದೆ ಮತ್ತೆ ತುಂಬಿಸುವುದು ಸೋರುವ ಕೊಡಕ್ಕೆ ನೀರು ಹೊತ್ತಂತೆ.

ಆದ್ದರಿಂದ ಮೊದಲು ಪ್ಲಗ್ ಕಿತ್ತು ಫ್ರಿಜ್ಜಿನ ಹಿಂಬದಿಯನ್ನು ನೋಡಬೇಕು. ಜಾಲರಿಯ ಮೇಲೆ ಧೂಳು ಕುಳಿತಿದ್ದರೆ ಶಾಖ ಹೊರಹೋಗದು. ಮೆತ್ತನೆಯ ಬ್ರಷ್ಷಿನಿಂದ ಒರೆಸಿ, ಗೋಡೆಯಿಂದ ಗೇಣಿನಷ್ಟು ದೂರವಿಡಿ. ಹೊಸ ಮಾದರಿಗಳಲ್ಲಿ ಈ ಕೊಳವೆಗಳು ಪಕ್ಕದ ತಗಡಿನೊಳಗಿರುವುದುಂಟು, ಅಲ್ಲಿ ಪಕ್ಕಕ್ಕೂ ಗಾಳಿ ಬೇಕು. ಬಾಗಿಲಿನ ಸಂದಿಗೆ ಕಾಗದವನ್ನಿಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರಿನ ಹಿಡಿತ ತಪ್ಪಿದೆ. ಯಂತ್ರ ಗುಂಯ್‌ಗುಟ್ಟಿ ಮತ್ತೆಮತ್ತೆ ನಿಲ್ಲುತ್ತಿದ್ದರೆ ವೋಲ್ಟೇಜ್ ಕಡಿಮೆಯಿದೆಯೇ ಎಂದು ಪರೀಕ್ಷಿಸಿ.

ಒಳಗೆ ದಪ್ಪಗೆ ಕಟ್ಟಿದ ಮಂಜುಗಡ್ಡೆಯೂ ತಂಪನ್ನು ತಡೆಯುತ್ತದೆ. ಅದನ್ನು ಚಾಕುವಿನಿಂದ ಕೆತ್ತುವ ಅಭ್ಯಾಸ ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ತೆಳು ತಗಡು ತೂತಾಗಿ ಅನಿಲ ನಿಜವಾಗಿ ಹೊರಹೋಗುವುದು ಹೀಗೆಯೂ ಉಂಟು! ಫ್ರಿಜ್ ಆರಿಸಿ, ಬಾಗಿಲು ತೆರೆದಿಟ್ಟರೆ ಸಾಕು, ತಾನೇ ಕರಗುತ್ತದೆ.

ಆಕಾಶದ ನಷ್ಟವೇನು? ಓಜೋನ್ ಪದರವನ್ನು ಕೊರೆಯುತ್ತಿದ್ದ ಹಳೆಯ ಸಿ.ಎಫ್.ಸಿ. ಅನಿಲಗಳಿಗೆ 1987ರ ಮಾಂಟ್ರಿಯಲ್ ಒಪ್ಪಂದ ಕಡಿವಾಣ ಹಾಕಿತು. ಬದಲಿಗೆ ಬಂದ ಆರ್-134ಎ ಓಜೋನಿಗೆ ನಿರಪಾಯಕಾರಿ; ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಪ್ರಬಲ. 100 ಗ್ರಾಂ ಹೊರಬಿಟ್ಟರೆ ಸುಮಾರು 140 ಕಿಲೋ ಡೈಆಕ್ಸೈಡ್ ಬಿಟ್ಟಂತೆ. ಇಂಥ ಅನಿಲಗಳನ್ನು ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಆದರೂ ಹಳೆಯ ಅನಿಲವನ್ನು ಸಿಲಿಂಡರಿಗೆ ಹಿಡಿದಿಡದೆ ಬೀದಿಗೆ ಬಿಡುವುದನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ. ರಿಪೇರಿಯವರನ್ನಷ್ಟೇ ದೂರಿ ಫಲವಿಲ್ಲ; ಗ್ರಾಹಕರು ಕೇಳದಿದ್ದರೆ ಆ ಸಲಕರಣೆಯನ್ನು ಅವರೇಕೆ ಕೊಂಡಾರು?

ಹೊಸ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಆರ್-600ಎ ಇರುತ್ತದೆ. ಅದರಿಂದ ಭೂಮಿಗೆ ತಾಪ ಅತ್ಯಲ್ಪ, ಆದರೆ ಅದು ಬೆಂಕಿ ಹಿಡಿಯುವ ಅನಿಲ. ಹಿಂಬದಿಯ ಚೀಟಿಯಲ್ಲಿ ಆ ಹೆಸರು ಕಂಡರೆ, ಅಡುಗೆಮನೆಯೊಳಗೆ ಬೆಸುಗೆ ಹಾಕಲು ಯಾರಿಗೂ ಅವಕಾಶ ಕೊಡಬೇಡಿ.