ಮುನ್ಸೀಫರು ಬರೆದ ಕಾದಂಬರಿ

ವಕೀಲಿಕೆಗೂ ಸಾಹಿತ್ಯಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ ಅನ್ನೋದು ನಮ್ಮಲ್ಲಿ ಅನೇಕರ ನಂಬಿಕೆ. ಸಂಘದ ಹುಡುಗರಲ್ಲಿ ಯಾರಾದರೂ ಲಾ ಕಾಲೇಜು ಸೇರಿದರೆ ‘ಇವನ ಕಥೆ ಮುಗೀತು, ಇನ್ನು ಇವನು ಕಥೆ ಬರೆಯೋದಿಲ್ಲ’ ಎಂದು ಹಾಸ್ಯ ಮಾಡುತ್ತೇವೆ. ಆದರೆ ನಮ್ಮ ನೆರೆಯ ಎರಡು ಭಾಷೆಗಳಲ್ಲಿ ಕಾದಂಬರಿಯನ್ನು ನೆಲೆಗೊಳಿಸಿದವರು ಮುನ್ಸೀಫರು. ಇದು ಆಕಸ್ಮಿಕ ಅಲ್ಲ ಎಂಬುದು ನನ್ನ ವಾದ.

ಮಾಯೂರಂ ವೇದನಾಯಗಂ ಪಿಳ್ಳೆಯವರನ್ನು (1826–1889) ತೆಗೆದುಕೊಳ್ಳಿ. ಕೋರ್ಟಿನಲ್ಲಿ ದಾಖಲೆ ಕಾಯುವ ಕೆಲಸದಿಂದ ಶುರುಮಾಡಿ, ಅನುವಾದಕರಾಗಿ, ಜಿಲ್ಲಾ ಮುನ್ಸೀಫರಾದವರು. 1879ರಲ್ಲಿ ಪ್ರಕಟವಾದ ಅವರ ‘ಪ್ರತಾಪ ಮುದಲಿಯಾರ್ ಚರಿತ್ರಂ’ ತಮಿಳಿನ ಮೊದಲ ಕಾದಂಬರಿ. ಅದಕ್ಕೂ ಮುಂಚೆ, 1862ರಲ್ಲಿ, ಸದರ್ ಅದಾಲತಿನ ತೀರ್ಪುಗಳನ್ನು ತಮಿಳಿಗೆ ತಂದು ಅಚ್ಚು ಹಾಕಿಸಿದ್ದರು. ನನಗೇನೋ ಕಾದಂಬರಿಗಿಂತ ಈ ಕೆಲಸವೇ ದೊಡ್ಡದಾಗಿ ಕಾಣುತ್ತದೆ. ಹೊಲ ಕಳೆದುಕೊಂಡ ರೈತ ತಾನೇಕೆ ಸೋತೆ ಅನ್ನೋದನ್ನ ವಕೀಲರ ಬಾಯಿಂದಲೇ ಕೇಳಿ ತಿಳಿಯಬೇಕು. ವಕೀಲರು ಹೇಳಿದ್ದೇ ನಿಜ. ಕಾದಂಬರಿಯೊಳಗೂ ಪಿಳ್ಳೆಯವರು ಈ ಸಿಟ್ಟನ್ನು ಬಿಟ್ಟುಕೊಟ್ಟಿಲ್ಲ. ತಮಿಳು ನಾಡಿನ ಕೋರ್ಟಿನಲ್ಲಿ ತಮಿಳು ಬಿಟ್ಟು ಇಂಗ್ಲಿಷಿನಲ್ಲಿ ವಾದಿಸುವ ವಕೀಲರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳುತ್ತಾರೆ. ಕಥೆಯ ಓಟಕ್ಕೆ ಅದು ತೊಡಕೇ, ಒಪ್ಪೋಣ. ಹೇಳಬೇಕಾದ ಮಾತು ಮಾತ್ರ ಹೇಳಿದ್ದಾರೆ.

ಇನ್ನೊಬ್ಬರು ಮಲಬಾರಿನ ಓ. ಚಂದು ಮೆನನ್. ‘ಇಂದುಲೇಖಾ’ (1889) ಬರೆದಾಗ ಅವರೂ ಮುನ್ಸೀಫರು. ಮೊದಲು ಡಿಸ್ರೇಲಿಯ ಒಂದು ಇಂಗ್ಲಿಷ್ ಕಾದಂಬರಿಯನ್ನು ಅನುವಾದಿಸಲು ಹೊರಟು, ಸರಿಬಾರದೆ, ಕೈಬಿಟ್ಟು ಸ್ವಂತದ್ದೇ ಬರೆದರು. ಸಂಸ್ಕೃತದ ಭಾರ ಹೊರಿಸದೆ, ಮನೆಯಲ್ಲಿ ಆಡುವ ಮಲಯಾಳದಲ್ಲಿ ಬರೆಯುವುದೇ ಸರಿ ಎಂದು ಮುನ್ನುಡಿಯಲ್ಲಿ ಹೇಳಿಕೊಂಡರು. ಮನೆತನದ ಹಿರಿಯನ ಹಟ, ಇಂಗ್ಲಿಷ್ ಓದಿದ ಅಳಿಯ, ಮದುವೆಗೆ ಬಂದು ನಗೆಪಾಟಲಾಗುವ ನಂಬೂದಿರಿ — ನಮ್ಮ ತುಳುನಾಡಿನ ಅಳಿಯಕಟ್ಟು ಬಲ್ಲವರಿಗೆ ಇದು ದೂರದ ಕಥೆ ಅಲ್ಲ. 1891ರಲ್ಲಿ ಸರಕಾರ ಮಲಬಾರಿನ ವಿವಾಹ ಪದ್ಧತಿಯ ಬಗ್ಗೆ ಆಯೋಗ ನೇಮಿಸಿದಾಗ ಮೆನನ್ನರೂ ಅದರ ಸದಸ್ಯರಾದರು.

ಈಗ ಮುಂಬಯಿ ಹೈಕೋರ್ಟಿನ ಕಡೆ ನೋಡಿ. ನ್ಯಾಯಮೂರ್ತಿ ತೆಲಂಗರು ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದರು (1882). ನ್ಯಾಯಮೂರ್ತಿ ರಾನಡೆಯವರು ಮರಾಠರ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದರು (1900). ಮರಾಠಿಯಲ್ಲಿ ಅವರು ಏನೂ ಬರೆಯಲಿಲ್ಲ ಎಂದಲ್ಲ; ತೆಲಂಗರು ಲೆಸ್ಸಿಂಗನ ನಾಟಕವನ್ನೇ ಮರಾಠಿಗೆ ತಂದಿದ್ದಾರೆ. ವಿದ್ವತ್ತಿನಲ್ಲಿ ಇಬ್ಬರೂ ಪರ್ವತ. ಆದರೆ ಕಾದಂಬರಿ ಬಂದದ್ದು ಅಲ್ಲಿಂದಲ್ಲ. ಮುನ್ಸೀಫನ ಮುಂದೆ ಮನುಷ್ಯ ನಿಂತು, ತನ್ನ ಆಡುಮಾತಿನಲ್ಲಿ, ಸುಳ್ಳೋ ನಿಜವೋ ಸಾಕ್ಷಿ ಹೇಳುತ್ತಾನೆ. ಅಪೀಲಿನಲ್ಲಿ ಹೈಕೋರ್ಟಿಗೆ ಹೋಗುವುದು ಮನುಷ್ಯನಲ್ಲ, ಕಾಗದ. ದಿನವೂ ಆ ಮಾತು ಕೇಳಿದವನ ಕಿವಿಗೆ ಕಾದಂಬರಿಯ ಸಂಭಾಷಣೆ ಕಷ್ಟವೇ?

ಬಂಗಾಳದ ಬಂಕಿಮಚಂದ್ರರೂ ಇಂಥವರೇ. ಡೆಪ್ಯುಟಿ ಮ್ಯಾಜಿಸ್ಟ್ರೇಟರು, ಮೊದಲ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಬರೆದು, 1865ರ ‘ದುರ್ಗೇಶನಂದಿನಿ’ಯಿಂದ ಬಂಗಾಳಿಗೆ ಹೊರಳಿದರು. ಅವರನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು ಯಾರು? ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯವರು! ಇನ್ನು ‘ಇಂದಿರಾಬಾಯಿ’ (1899) ಬರೆದ ಗುಲ್ವಾಡಿ ವೆಂಕಟರಾಯರು ಪೊಲೀಸು ಇಲಾಖೆ. ಕೋರ್ಟಿಗೆ ಕೇಸು ತರುವವರು ತಾನೇ, ತೀರಾ ಹೊರಗಿನವರಲ್ಲ.

ಪಿಳ್ಳೆಯವರ ಸಿಟ್ಟು ಇಂದಿಗೂ ಹಳತಾಗಿಲ್ಲ. ಕೆಳಗಿನ ಕೋರ್ಟುಗಳಲ್ಲಿ ನಾಡಭಾಷೆ ನಡೆಯುತ್ತದೆ. ಆದರೆ ಸಂವಿಧಾನದ 348ನೆಯ ವಿಧಿಯ ಪ್ರಕಾರ ಬೆಂಗಳೂರಿನಲ್ಲಾಗಲಿ ಚೆನ್ನೈಯಲ್ಲಾಗಲಿ ಹೈಕೋರ್ಟಿನ ಭಾಷೆ ಇಂಗ್ಲಿಷೇ. ಸುಪ್ರೀಂ ಕೋರ್ಟು ತನ್ನ ಆಯ್ದ ತೀರ್ಪುಗಳನ್ನು ಕನ್ನಡವೂ ಸೇರಿ ಕೆಲವು ಭಾಷೆಗಳಲ್ಲಿ ಕೊಡಲು ಆರಂಭಿಸಿದ್ದು 2019ರಲ್ಲಿ. ಮಾಯೂರದ ಮುನ್ಸೀಫರೊಬ್ಬರು ಯಾರೂ ಹೇಳದೆ ಮಾಡಿದ ಕೆಲಸಕ್ಕೆ 157 ವರ್ಷ ತಡ. ಅಂಥ ಅನುವಾದಕ್ಕೆ ಕಾನೂನೂ ಗೊತ್ತಿರಬೇಕು, ಕನ್ನಡವೂ ಗೊತ್ತಿರಬೇಕು. ಬರೀ ಕನ್ನಡ ಎಂ.ಎ. ಮಾಡಿದ ನಮ್ಮಂಥವರಿಂದ ಆಗೋ ಕೆಲಸ ಅಲ್ಲ.

ಆದ್ದರಿಂದ ಸಂಪಾದಕರಲ್ಲಿ ಒಂದು ವಿನಂತಿ. ಲಾ ಕಾಲೇಜು ಸೇರಿ ನಮ್ಮಿಂದ ತಪ್ಪಿಸಿಕೊಂಡ ಗೆಳೆಯರನ್ನು ಹಿಡಿದು ತಂದು, ಮುಂದಿನ ಸಂಚಿಕೆಗೆ ಒಂದು ತೀರ್ಪನ್ನು, ಯಾವುದಾದರೂ ಸರಿ, ಓದುವಂಥ ಕನ್ನಡದಲ್ಲಿ ಬರೆಸಿ.