ಮೊಸರು ಕಟ್ಟಿದವರು ಯಾರು?

(1/5)
ಹೋದ ಭಾನುವಾರ ನಮ್ಮಣ್ಣ ಹಾಕಿದ ರೀಲ್ ನೀವೆಲ್ಲಾ ನೋಡೀರಿ. "ಮಸರಕಲ್‌ನಾಗ ಗ್ರೀಕ್ ಊಟ". ಬಿಳಿ ಬಟ್ಟಲದಾಗ ತ್ಸಾಟ್ಸಿಕಿ, ಪಕ್ಕದಾಗ ಕಾಬೂಲಿ ಕಡಲಿ, ಮ್ಯಾಲೆ ಆಲಿವ್ ಎಣ್ಣಿ ಸ್ಲೋ ಮೋಷನ್‌ನಾಗ ಬೀಳ್ತದ. ಒಟ್ಟು 40 ಸೆಕೆಂಡ್. "ಬ್ರೋ ನೀ ಚೆಫ್", "ಇವನ್ನ ಮದುವಿ ಆಗಾಕಿ ಪುಣ್ಯಾ ಮಾಡ್ಯಾಳ" ಅಂತ ಕಾಮೆಂಟ್ ಹಾಕಿದವರಾಗ ನಮ್ಮ ಬಿಕಾಂ ಕ್ಲಾಸಿನವರೇ 11 ಮಂದಿ. ಕೂತು ಎಣಿಸೀನಿ. ಈ ಪೋಸ್ಟ್ ನಿಮಗೇ.

ಊಟ ಚಲೋ ಇತ್ತು, ಸುಳ್ಳು ಹೇಳಲ್ಲ. ನನ್ನ ತಕರಾರು ರುಚಿ ಮ್ಯಾಲೆ ಅಲ್ಲ. ಆ 40 ಸೆಕೆಂಡಿಗೆ ಮೊದಲು ಶನಿವಾರ ಸಂಜಿಯಿಂದ ಏನೇನು ನಡೀತು, ಅದರಾಗ ಒಂದು ಸೆಕೆಂಡ್ ಕೂಡ ರೀಲ್‌ನಾಗ ಯಾಕಿಲ್ಲ ಅನ್ನೋದರ ಮ್ಯಾಲೆ.

(2/5)
ಅಣ್ಣ ಬೆಂಗಳೂರಿಂದ ರಜಾಕ್ಕ ಬಂದಿದ್ದ. ಬರುವಾಗ ಆಲಿವ್ ಎಣ್ಣಿ ಬಾಟ್ಲಿ ತಂದಿದ್ದ (ರೊಕ್ಕ ಅವನದ್ದೇ, ಅದನ್ನ ಒಪ್ಕೋತೀನಿ). ಸಂಜಿ 6ಕ್ಕ ವಾಟ್ಸಾಪ್‌ನಾಗ ಒಂದು ಸ್ಕ್ರೀನ್‌ಶಾಟ್ ಕಳಿಸಿದ, ಅದೂ ಪಕ್ಕದ ಖೋಲ್ಯಾಗ ಕೂತು. "ಇವಿಷ್ಟು ರೆಡಿ ಇಡು."

ಇವಿಷ್ಟು ಅಂದ್ರ ಎಷ್ಟು ಅಂತ ಕೇಳ್ರಿ.

ತ್ಸಾಟ್ಸಿಕಿಗೆ ಮೊಸರು ಗಟ್ಟಿ ಇರಬೇಕು. ಗ್ರೀಕರು ಅದಕ್ಕ "ಸ್ಟ್ರಾಂಗಿಸ್ಟೊ" ಅಂತಾರ, ಅಂದ್ರ ಸೋಸಿದ್ದು. ಅಂಗಡ್ಯಾಗ "ಗ್ರೀಕ್ ಯೋಗರ್ಟ್" ಅಂತ ಅಂಗೈಯಷ್ಟು ಡಬ್ಬಿಗೆ ಹೇಳೋ ರೇಟ್ ನಿಮಗ ಗೊತ್ತದ. ನಾವು ಶ್ರೀಖಂಡಕ್ಕ ಮೊಸರು ಕಟ್ತೀವಲ್ಲ, ಕೆಲಸ ಅದೇ. ಎರಡು ಲೀಟರ್ ಮೊಸರು, ಅಜ್ಜನ ಹಳೇ ದೋತರದ ತುಂಡು, ಬಿಗಿಯಾಗಿ ಗಂಟು, ಗ್ವಾಡಿ ಮೊಳಿಗೆ ನೇತಾಕೋದು, ಕೆಳಗ ಬೋಗಾಣಿ. ನಮ್ಮ ರಾಯಚೂರು ಬಿಸಿಲಾಗ ಹಗಲು ಕಟ್ಟಿದ್ರ ಹುಳಿ ಬಂದು ನಾತ ಹೊಡೀತದ. ರಾತ್ರಿ ಕಟ್ಟಬೇಕು, ನಸುಕಿನಾಗ ಎದ್ದು ಬಿಚ್ಚಬೇಕು. ಬೆಳಿಗ್ಗೆ ಬಟ್ಟ್ಯಾಗ ಉಳಿಯೋದು ಸುಮಾರು ಅರ್ಧ. ಇಳಿದ ನೀರು ಚೆಲ್ಲಿದ್ರ ಅವ್ವ ಬೈತಾಳ, ಹಿಟ್ಟು ನಾದಲಿಕ್ಕೆ ಬೇಕು.

ಸೌತಿಕಾಯಿ ತುರಿದು ಉಪ್ಪು ಹಚ್ಚಿ ಅರ್ಧ ತಾಸು ಬಿಡಬೇಕು, ಆಮ್ಯಾಲೆ ಮುಷ್ಟ್ಯಾಗ ಹಿಡಿದು ನೀರು ಹೋಗೋ ತನಕ ಹಿಂಡಬೇಕು. ಹಿಂಡದೇ ಕಲಸಿದ್ರ ಅದು ನೀರು ನೀರಾದ ರಾಯತಾ. ಬಳ್ಳೊಳ್ಳಿ ಸುಲಿದು ಉಪ್ಪು ಹಾಕಿ ಕುಟ್ಟಬೇಕು, ಉಗುರಿನ ಸಂದಿನ ಉರಿ ಎರಡು ದಿನ ಹೋಗಲ್ಲ. ಕಡಲಿ ರಾತ್ರಿಯೆಲ್ಲಾ ನೆನಿಬೇಕು. ಮುಂಜಾನಿ ಉಜ್ಜಿ ಸಿಪ್ಪಿ ತೆಗಿಬೇಕು, ಒಂದೊಂದೇ. ಗ್ರೀಸಿನ ಸಿಫ್ನೋಸ್ ಅನ್ನೋ ದ್ವೀಪದಾಗ ನೆನೆಸಿದ ಕಡಲಿನ ಮಣ್ಣಿನ ಗಡಗ್ಯಾಗ ಹಾಕಿ ಶನಿವಾರ ರಾತ್ರಿ ಕಟ್ಟಿಗಿ ಒಲಿಯೊಳಗ ಇಡ್ತಾರ, ಭಾನುವಾರ ತಿಂತಾರ. ನಮ್ಮಲ್ಲಿ ಕುಕ್ಕರ್ ಇತ್ತು, ಪುಣ್ಯಾ.

ಅಣ್ಣ 11 ಗಂಟೆಗೆ ಎದ್ದ. ಕಲಸಿದ. ಎಣ್ಣಿ ಹಾಕಿದ. ಶೂಟ್ ಮಾಡಿದ.

(3/5)
"ಅದೆಲ್ಲಾ ಬರೇ ತಯಾರಿ, ಅಡಿಗಿ ಮಾಡಿದ್ದು ಅವನೇ ಅಲ್ಲೇನು?" ಅಂತ ನನ್ನ ಬೆಂಚಿನಾಕಿನೇ ಕೇಳಿದಳು.

ತ್ಸಾಟ್ಸಿಕಿಗೆ ಒಲಿ ಹಚ್ಚೋದೇ ಇಲ್ಲ. ತಯಾರಿ ತೆಗೆದುಹಾಕಿದ್ರ ಅದರಾಗ ಏನು ಉಳೀತದ, ಚಮಚ ತಿರುಗಿಸೋದು. ಬರೇ ತಯಾರಿ ಅಂತೀರಲ್ಲ, ಅದೇ ಅಡಿಗಿ. ನಮ್ಮ ಗುರೆಳ್ಳು ಹಿಂಡಿನೂ ಹಂಗೇ. ಆರಿಸೋದು, ಹುರಿಯೋದು, ಆರಾಕ ಬಿಡೋದು, ಕುಟ್ಟೋದು. ಜೋಳದ ರೊಟ್ಟಿ ತಟ್ಟೋದು ನೋಡಿ ಊರಿಗೆ ಬಂದವರೆಲ್ಲಾ ವಿಡಿಯೋ ಮಾಡ್ತಾರ. ಮರದಾಗ ಜೋಳ ಕೇರಿ, ಹಳ್ಳ ಆರಿಸಿ, ಹಸನು ಮಾಡಿ ಗಿರಣಿಗೆ ಹೊತ್ತದ್ದನ್ನ ಯಾರೂ ಮಾಡಲ್ಲ. ಅದರಾಗ ಸ್ಲೋ ಮೋಷನ್‌ಗೆ ಏನೂ ಸಿಗಲ್ಲ.

(4/5)
ಸೋಮವಾರ ನಮಗೆಲ್ಲಾ ಕಾಸ್ಟ್ ಅಕೌಂಟಿಂಗ್ ಟೆಸ್ಟ್ ಇತ್ತು. ನನ್ನ ಮಾರ್ಕ್ಸ್ ಕೇಳಬ್ಯಾಡ್ರಿ. ಆದ್ರ ಕಾಸ್ಟ್ ಶೀಟ್ ಹಾಕೋದು ಮರ್ತಿಲ್ಲ, ಹಾಕೀನಿ: ಡೈರೆಕ್ಟ್ ಮೆಟೀರಿಯಲ್ ಅಂದ್ರ ಮೊಸರು, ಕಡಲಿ, ಸೌತಿಕಾಯಿ, ಎಣ್ಣಿ. ಇದನ್ನೆಲ್ಲಾ ಅಣ್ಣ ಹೇಳ್ತಾನ, ಎಣ್ಣಿ ರೇಟ್ ಅಂತೂ ಬಂದೋರಿಗೆಲ್ಲಾ ಹೇಳ್ಯಾನ. ಡೈರೆಕ್ಟ್ ಲೇಬರ್? ಸೊನ್ನಿ. ಕೈ ಆಡಿಸಿದ ಹೊತ್ತು ಮಾತ್ರ ಹಿಡಿದ್ರೂ ನಂದು ಮತ್ತ ಅವ್ವಂದು ಸೇರಿ 3 ತಾಸು 20 ನಿಮಿಷ. 2025-26ಕ್ಕ ಕರ್ನಾಟಕದ ನರೇಗಾ ಕೂಲಿ ದಿನಕ್ಕ 370 ರೂಪಾಯಿ. 8 ತಾಸಿಗೆ ಭಾಗಿಸಿ ಗುಣಿಸ್ರಿ: 154 ರೂಪಾಯಿ. ನನಗ ಆ 154 ಬ್ಯಾಡ. ಕಾಲಂ ಖಾಲಿ ಬಿಟ್ಟು ಪ್ರೈಮ್ ಕಾಸ್ಟ್ ಬರೆದ್ರ ನಮ್ಮ ಸರ್ ಮಾರ್ಕ್ಸ್ ಕೊಡ್ತಾರೇನು, ಅಷ್ಟು ಹೇಳ್ರಿ.

ಪಿಗೂ ಅನ್ನೋ ಅರ್ಥಶಾಸ್ತ್ರಜ್ಞನ ಉದಾಹರಣಿ ನೆನಪದ? ಮನೆಗೆಲಸದಾಕಿನ್ನ ಯಜಮಾನ ಮದುವಿ ಆದ್ರ ರಾಷ್ಟ್ರೀಯ ಆದಾಯ ಕಡಿಮಿ ಆಗ್ತದ, ಯಾಕಂದ್ರ ಅದೇ ಕೆಲಸಕ್ಕ ಇನ್ನ ಪಗಾರ ಇಲ್ಲ. ಕ್ಲಾಸೆಲ್ಲಾ ನಕ್ಕಿತ್ತು. ನಾನೂ ನಕ್ಕಿದ್ದೆ. ಕೇಂದ್ರ ಸರ್ಕಾರದ 2019ರ ಟೈಮ್ ಯೂಸ್ ಸರ್ವೇ ತೆಗೆದು ನೋಡ್ರಿ: ಪಗಾರ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ದಿನಕ್ಕ 299 ನಿಮಿಷ ಮಾಡ್ತಾರ, ಗಂಡಸರು 97 ನಿಮಿಷ. ಅದೂ ಮಾಡೋ ಗಂಡಸರ ಲೆಕ್ಕ ಮಾತ್ರ, ಅವರು ನೂರಕ್ಕ 26 ಮಂದಿ.

(5/5)
ಗ್ರೀಸಿನ ಮ್ಯಾಲೆ ನನಗ ಸಿಟ್ಟಿಲ್ಲ. ನಾವು ರೊಟ್ಟಿ ಜೋಡಿ ಹಸೀ ತಿನ್ನೋ ಮೆಂತ್ಯ ಪಲ್ಯದ ಲ್ಯಾಟಿನ್ ಹೆಸರಿನ ಅರ್ಥನೇ "ಗ್ರೀಕ್ ಹುಲ್ಲು". ಅಲ್ಲಿಯ ಅಜ್ಜಿಯರೂ ಹೊಲ ತಿರುಗಿ ಸೊಪ್ಪು ಕಿತ್ತು, ಮಣ್ಣು ಹೋಗೋ ತನಕ ತೊಳೆದು ಕುದಿಸ್ತಾರ. ಆ ಸೊಪ್ಪಿಗೆ ಹೋರ್ತಾ ಅಂತಾರ.

ಅಣ್ಣನೂ ಕೆಟ್ಟವನಲ್ಲ. ನಾನೂ ಮೂರು ವರ್ಷದಿಂದ ಕಾಲೇಜಿಗೆ ಡಬ್ಬಿ ಒಯ್ತೀನಿ, "ಹಿಂಡಿ ಮಸ್ತ್ ಅದ" ಅಂತ ನೀವು ಅಂದಾಗೆಲ್ಲಾ "ಥ್ಯಾಂಕ್ಸ್" ಅಂದೀನಿ. ಅವ್ವಗ ಒಂದಿನನೂ ಹೇಳಿಲ್ಲ. ಇವತ್ತು ಹೇಳಿದೆ. "ಉಪ್ಪು ಕಡಿಮಿ ಆಗಿತ್ತೇನು?" ಅಂತ ಕೇಳಿದಳು.

ಅಣ್ಣನ ಮುಂದಿನ ರೀಲ್ "ವ್ಲೀಟಾ" ಅಂತ. ಅದು ಹೋರ್ತಾದಾಗ ಒಂದು ಜಾತಿ, ನಮ್ಮ ರಾಜಗಿರಿ ಪಲ್ಯನೇ, ಕುದಿಸಿ ನಿಂಬಿಹಣ್ಣು ಹಿಂಡಿ ಎಣ್ಣಿ ಹಾಕ್ತಾರ. ಐದು ಸಿವುಡು ತಂದು ಅಡಿಗಿ ಮನಿ ಕಟ್ಟಿ ಮ್ಯಾಲೆ ಇಟ್ಟಾನ. ಬೇರಿನ ಮಣ್ಣು ಹಂಗೇ ಅದ. ನಾನು ನೀರಿನ ಬುಟ್ಟಿ ತುಂಬಿ, ಫೋನು ಆ ಕಡೆ ತಿರುಗಿಸಿ, ರೆಕಾರ್ಡ್ ಒತ್ತಿ ಹೊರಗ ಬಂದು ಕೂತೀನಿ.