ಈ ಹಾಡು ಯಾರದು, ತಾತ?

ಕಳೆದ ವಾರ ನಮ್ಮ ಮೊಮ್ಮಗಳು ಶಾಲೆಯಿಂದ ಒಂದು ಹಾಡು ಕಲಿತು ಬಂದಳು. ವಾರ್ಷಿಕೋತ್ಸವಕ್ಕೆ ಅವಳ ತರಗತಿಯವರೆಲ್ಲ ಅದನ್ನು ಹಾಡಬೇಕಂತೆ. ಹೆಸರು ‘ಐಕೊ ಐಕೊ’. ಊಟದ ತಟ್ಟೆಯನ್ನು ಚಮಚದಿಂದ ಬಡಿಯುತ್ತಾ ಹಾಡಿಯೇ ತೋರಿಸಿದಳು. “ತಟ್ಟೆ ನೆಗ್ಗೀತು ಕಣೇ!” ಎಂದು ಅವಳಜ್ಜಿ ಅಡುಗೆಮನೆಯಿಂದ ಕೂಗಿದಳು.

“ತಾತ, ಇದು ಯಾರ ಹಾಡು? ಮಿಸ್‌ನ ಕೇಳಿದರೆ ಅಮೆರಿಕದ್ದು ಅಂದರು. ಅಮೆರಿಕದಲ್ಲಿ ಯಾರದು?”

ಮಕ್ಕಳೇ, ನಾನು ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದವನು. ಮೊತ್ತ ಎಷ್ಟೇ ಇರಲಿ, ಅದು ಯಾರ ಹೆಸರಿನಲ್ಲಿದೆ ಎಂದು ತಿಳಿಯುವ ತನಕ ನನಗೆ ಸಮಾಧಾನವಿಲ್ಲ. ಆದ್ದರಿಂದ ಪ್ರಶ್ನೆ ನನಗೆ ಬಹಳ ಹಿಡಿಸಿತು. ಅದೃಷ್ಟಕ್ಕೆ ಉತ್ತರವೂ ಸ್ವಲ್ಪ ಗೊತ್ತಿತ್ತು. ಆ ಹಾಡಿರುವ ಒಂದು ಕ್ಯಾಸೆಟ್ಟನ್ನು ಹಿಂದೆ ನನ್ನ ಸಹೋದ್ಯೋಗಿಯೊಬ್ಬರು ಕೊಟ್ಟಿದ್ದರು. ಹಾಡಿದವರು ಡಾಕ್ಟರ್ ಜಾನ್. ಆಲ್ಬಮ್ಮಿನ ಹೆಸರು ‘ಡಾಕ್ಟರ್ ಜಾನ್ಸ್ ಗಂಬೊ’. ಬಂದದ್ದು 1972ರಲ್ಲಿ.

ಮೊದಲು ‘ಗಂಬೊ’ ಅಂದರೇನು ನೋಡೋಣ. ಅಮೆರಿಕದ ದಕ್ಷಿಣದಲ್ಲಿ, ಮಿಸಿಸಿಪಿ ನದಿ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು, ನ್ಯೂ ಆರ್ಲಿಯನ್ಸ್ ಎಂಬ ಬಂದರು ಊರಿದೆ. ಅಲ್ಲಿಯವರು ಅನ್ನಕ್ಕೆ ಹಾಕಿಕೊಂಡು ಉಣ್ಣುವ ಗಟ್ಟಿ ಸಾರಿನ ಹೆಸರು ಗಂಬೊ. ಆ ಮಾತು ಬಂದದ್ದು ಆಫ್ರಿಕಾದ ಭಾಷೆಗಳಲ್ಲಿ ಬೆಂಡೆಕಾಯಿಗಿರುವ ಹೆಸರಿನಿಂದ ಎನ್ನುತ್ತಾರೆ. ಹೌದು, ನೀವು ತಟ್ಟೆಯಂಚಿಗೆ ತಳ್ಳುವ ಅದೇ ಬೆಂಡೆಕಾಯಿ! ಆ ಊರನ್ನು ಮೊದಲು ಫ್ರೆಂಚರು ಆಳಿದರು, ಆಮೇಲೆ ಸ್ಪೇನಿನವರು. 1803ರಲ್ಲಿ ಅದು ಅಮೆರಿಕಕ್ಕೆ ಸೇರಿತು. ಗುಲಾಮರಾಗಿ ತಂದ ಆಫ್ರಿಕಾದ ಜನ ಭಾನುವಾರಗಳಂದು ಅಲ್ಲಿನ ಕಾಂಗೊ ಸ್ಕ್ವೇರ್ ಎಂಬ ಬಯಲಿನಲ್ಲಿ ಸೇರಿ ಡೋಲು ಬಡಿದು ಕುಣಿಯುತ್ತಿದ್ದರು. ಹಡಗುಗಳ ಜೊತೆ ಕ್ಯೂಬಾದ ತಾಳಗಳೂ ಬಂದಿಳಿದವು. ಹೀಗೆ ಎಲ್ಲ ಒಂದೇ ಪಾತ್ರೆಯಲ್ಲಿ ಕುದಿದದ್ದು ಆ ಊರಿನ ಸಂಗೀತ. ಕಪ್ಪು ಜನರು ತಮ್ಮ ಕಷ್ಟ, ಸಂಕಟ, ತಮಾಷೆಗಳನ್ನು ಹಾಡಿಕೊಂಡ ಬ್ಲೂಸ್ ಕೂಡ ಅಲ್ಲಿ ಕುಣಿಯುತ್ತಲೇ ಬರುತ್ತದೆ.

ಡಾಕ್ಟರ್ ಜಾನ್ ವೈದ್ಯರಲ್ಲ. ನಿಜವಾದ ಹೆಸರು ಮ್ಯಾಕ್ ರೆಬೆನ್ಯಾಕ್. 1941ರಲ್ಲಿ ಆ ಊರಿನಲ್ಲೇ ಹುಟ್ಟಿದ ಬಿಳಿಯ ಹುಡುಗ. ಆಗ ಅಲ್ಲಿ ಬಿಳಿಯರ ಶಾಲೆ ಬೇರೆ, ಕಪ್ಪು ಜನರ ಶಾಲೆ ಬೇರೆ. ಸಂಗೀತಗಾರರ ಸಂಘಗಳೂ ಬೇರೆ ಬೇರೆ. ಆದರೂ ಈ ಹುಡುಗ ಕಪ್ಪು ಸಂಗೀತಗಾರರ ಹಿಂದೆಯೇ ಸುತ್ತಿ, ಅವರಿಂದ ಕಲಿತ. ಹದಿಹರೆಯದಲ್ಲೇ ಅವರ ರೆಕಾರ್ಡಿಂಗುಗಳಿಗೆ ಗಿಟಾರ್ ನುಡಿಸತೊಡಗಿದ. ಇಪ್ಪತ್ತರ ಆಸುಪಾಸಿನಲ್ಲಿ ಒಂದು ದಿನ ಗೆಳೆಯನನ್ನು ಪಿಸ್ತೂಲಿನಿಂದ ಕಾಪಾಡಲು ಹೋದಾಗ ಗುಂಡು ಹಾರಿ ಎಡಗೈಯ ಉಂಗುರದ ಬೆರಳು ಜಖಂ ಆಯಿತು. ಗಿಟಾರಿನ ತಂತಿ ಒತ್ತುವ ಕೈ ಅದು! ಮುಂದೇನು? ಅವನು ಪಿಯಾನೊ ಕಡೆ ತಿರುಗಿದ.

ಪಿಯಾನೊದಲ್ಲಿ ಅವನ ದಾರಿಗೆ ದೀಪವಾದವರು ‘ಪ್ರೊಫೆಸರ್ ಲಾಂಗ್‌ಹೇರ್’ ಎಂಬ ಹಿರಿಯರು. ನಿಜ ಹೆಸರು ಹೆನ್ರಿ ಬರ್ಡ್. ಹುಡುಗನಾಗಿದ್ದಾಗ ಬೀದಿಯಲ್ಲಿ ಕುಣಿದು ಕಾಸು ಸಂಪಾದಿಸಿದವರು. ಕೆಲವು ಮನೆಗಳು ಕೆಟ್ಟುಹೋದ ಹಳೆಯ ಪಿಯಾನೊದ ಮೇಲೆ ಕಲಿತದ್ದರಿಂದಲೇ ಅವರ ಬೆರಳುಗಳು ಹಾಗೆ ನೆಗೆಯುತ್ತಿದ್ದವು ಎಂದು ಹೇಳುತ್ತಾರೆ. ಅವರ ಎಡಗೈ ಕ್ಯೂಬಾದ ರುಂಬಾ ತಾಳ ಹಿಡಿದರೆ, ಬಲಗೈ ಬ್ಲೂಸ್ ನುಡಿಸುತ್ತಿತ್ತು. ಕಾಲು ಸುಮ್ಮನಿರಬೇಕೇ? ಅದು ಪಿಯಾನೊದ ಬುಡಕ್ಕೇ ಒದ್ದು ತಾಳ ಹಾಕುತ್ತಿತ್ತು!

ಇಂಥವರು 1960ರ ದಶಕದ ಕೊನೆಯಲ್ಲಿ ಏನು ಮಾಡುತ್ತಿದ್ದರು ಗೊತ್ತೆ? ರೆಕಾರ್ಡು ಮಾರುವ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದರು. ಅವರ ಶೈಲಿ ಊರೆಲ್ಲ ಕೇಳುತ್ತಿತ್ತು. ಅವರನ್ನು ಕೇಳುವವರು ಇರಲಿಲ್ಲ.

ಆ ಹೊತ್ತಿಗೆ ಶಿಷ್ಯ ಬೇರೆ ಊರಿನಲ್ಲಿ, ಲಾಸ್ ಏಂಜಲೀಸಿನಲ್ಲಿ, ಹೆಸರು ಮಾಡುತ್ತಿದ್ದ. ತಲೆಗೆ ಗರಿ, ಕೊರಳಿಗೆ ರಾಶಿ ಮಣಿಸರ ಹಾಕಿಕೊಂಡು, ಮಾಂತ್ರಿಕನ ವೇಷದಲ್ಲಿ ಡಾಕ್ಟರ್ ಜಾನ್ ಆಗಿ ವೇದಿಕೆಗೆ ಬರುತ್ತಿದ್ದ. ಅದನ್ನೇ ಮುಂದುವರಿಸಬಹುದಿತ್ತು. ಆದರೆ 1972ರಲ್ಲಿ ಅವರು ಪಿಯಾನೊ ಮುಂದೆ ಕುಳಿತು, ತಮ್ಮನ್ನು ಬೆಳೆಸಿದ ಊರಿನ ಹಳೆಯ ಹಾಡುಗಳನ್ನೇ ಹಾಡಿದರು. ಗುರು ಲಾಂಗ್‌ಹೇರ್ 1953ರಲ್ಲಿ ರೆಕಾರ್ಡ್ ಮಾಡಿದ್ದ ‘ಟಿಪಿಟಿನಾ’, ಅರ್ಲ್ ಕಿಂಗ್ ಅವರ ಹಾಡುಗಳು, ಹ್ಯೂಯಿ ‘ಪಿಯಾನೊ’ ಸ್ಮಿತ್ ಅವರ ಹಾಡುಗಳ ಸರಮಾಲೆ, ಹೀಗೆ ಒಟ್ಟು ಹನ್ನೆರಡು. ಅಷ್ಟೇ ಅಲ್ಲ, ಕವರಿನ ಮೇಲೆ ಹಾಡುಗಳ ಬಗ್ಗೆ ಟಿಪ್ಪಣಿಯನ್ನೂ ಬರೆದರು: ಇದು ಯಾರಿಂದ ಬಂತು, ಆ ಕಾಲ ಹೇಗಿತ್ತು ಎಂದು. ಅವರ ದನಿ ನೆಗಡಿಯಾದವರ ದನಿಯಂತೆ ಒರಟು, ಆದರೆ ಕೇಳುತ್ತಾ ಕೇಳುತ್ತಾ ಆಪ್ತವಾಗುತ್ತದೆ. ಪಿಯಾನೊದಲ್ಲಂತೂ ಆ ಹಿರಿಯರ ಎಡಗೈ ಬಲಗೈ ಎರಡೂ ಇವೆ.

ಆ ಆಲ್ಬಮ್ಮಿನ ಮೊದಲ ಹಾಡೇ ‘ಐಕೊ ಐಕೊ’. ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. ಅದು ಡಾಕ್ಟರ್ ಜಾನ್ ಅವರದಲ್ಲ. 1965ರಲ್ಲಿ ಅದನ್ನು ಪ್ರಸಿದ್ಧಿಗೆ ತಂದವರು ‘ಡಿಕ್ಸಿ ಕಪ್ಸ್’ ಎಂಬ ಮೂವರು ಹುಡುಗಿಯರು, ಅದೇ ಊರಿನವರು. ಸ್ಟುಡಿಯೊದಲ್ಲಿ ಬಿಡುವಾದಾಗ ಸಿಗರೇಟಿನ ಬೂದಿಬಟ್ಟಲನ್ನು ಕೋಲಿನಿಂದ ಬಡಿಯುತ್ತಾ ತಮಾಷೆಗೆ ಹಾಡಿದ್ದು ರೆಕಾರ್ಡ್ ಆಗಿಬಿಟ್ಟಿತು. ಅವರಿಗೆ ಅದನ್ನು ಕಲಿಸಿದವರು ಯಾರು? ಅವರಜ್ಜಿ! ಇದನ್ನು ಹೇಳಿದಾಗ ನಮ್ಮ ಮನೆಯ ಅಜ್ಜಿ ಅಡುಗೆಮನೆಯಿಂದ ಹೊರಗೆ ಬಂದಳು.

ಅದಕ್ಕೂ ಹಿಂದೆ, 1953ರಲ್ಲಿ, ಜೇಮ್ಸ್ ‘ಶುಗರ್ ಬಾಯ್’ ಕ್ರಾಫರ್ಡ್ ಇದನ್ನು ‘ಜಾಕ್-ಎ-ಮೊ’ ಎಂದು ಹಾಡಿದ್ದರು. ಹಾಡಿನ ಹಕ್ಕು ಯಾರದು ಎಂಬುದು ಕೋರ್ಟಿನವರೆಗೂ ಹೋಗಿ, ಕೊನೆಗೆ ರಾಜಿಯಲ್ಲಿ ಅವರಿಗೆ ಆದಾಯದ ಒಂದು ಪಾಲು ಸಿಕ್ಕಿತು. ಆದರೆ ಅವರಿಗೂ ಅದು ಬಂದದ್ದು ಬೀದಿಯಿಂದ. ಮಾರ್ಡಿ ಗ್ರಾ ಹಬ್ಬದ ದಿನ ಅಲ್ಲಿಯ ಕಪ್ಪು ಜನರ ತಂಡಗಳು, ವರ್ಷವಿಡೀ ಕೈಯಲ್ಲೇ ಹೊಲಿದ ಮಣಿ ಮತ್ತು ಗರಿಗಳ ಉಡುಪು ತೊಟ್ಟು ಎದುರುಬದುರಾಗುತ್ತವೆ. ಆಗ ಕೂಗುವ ಪದಗಳನ್ನೇ ಕ್ರಾಫರ್ಡ್ ಜೋಡಿಸಿದ್ದರು. ಆ ಕೂಗುಗಳನ್ನು ಕಟ್ಟಿದವರ ಹೆಸರು ಎಲ್ಲೂ ಬರೆದಿಲ್ಲ.

ಕಸ ಗುಡಿಸುತ್ತಿದ್ದ ಪ್ರೊಫೆಸರರ ಕಥೆ ಮುಗಿಯಲಿಲ್ಲ. ಅಭಿಮಾನಿಗಳು ಅವರನ್ನು ಹುಡುಕಿ, 1971ರಲ್ಲಿ ಊರಿನ ದೊಡ್ಡ ಸಂಗೀತೋತ್ಸವದಲ್ಲಿ ಪಿಯಾನೊ ಮುಂದೆ ಕೂರಿಸಿದರು. 1977ರಲ್ಲಿ ಅವರು ನುಡಿಸಲೆಂದೇ ಒಂದು ಸಂಗೀತ ಮಂದಿರ ತೆರೆದು, ಅವರ ಹಾಡಿನ ಹೆಸರನ್ನೇ ಇಟ್ಟರು: ‘ಟಿಪಿಟಿನಾಸ್’. ಅದು ಇಂದಿಗೂ ಇದೆ. 1980ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಮರೆತುಹೋದವರಾಗಿರಲಿಲ್ಲ. ಶಿಷ್ಯ ಡಾಕ್ಟರ್ ಜಾನ್ 2019ರವರೆಗೆ ಬದುಕಿ, ಬಹುಕಾಲ ಆ ಊರಿನ ಹಾಡುಗಳನ್ನು ಹಾಡಿದರು.

ಇಷ್ಟೆಲ್ಲ ಕೇಳಿದ ಮೊಮ್ಮಗಳು ನೋಟ್ ಬುಕ್ಕು ತಂದು ‘ಐಕೊ ಐಕೊ’ ಕೆಳಗೆ ಒಂದರ ಕೆಳಗೊಂದು ಹೆಸರು ಬರೆದಳು. ಆಮೇಲೆ ತಲೆಯೆತ್ತಿ ಕೇಳಿದಳು: “ತಾತ, ನಾನು ಪಾಪು ಆಗಿದ್ದಾಗ ನೀವು ಹಾಡುತ್ತಿದ್ದ ಜೋಗುಳ ಯಾರದು?”

“ನಮ್ಮಮ್ಮ ಹಾಡುತ್ತಿದ್ದದ್ದು.”

“ಅವರಿಗೆ ಯಾರು ಕಲಿಸಿದರು?”

ನನ್ನ ಬಳಿ ಉತ್ತರವಿರಲಿಲ್ಲ. ಅಮ್ಮ ನಮ್ಮ ಜೊತೆ ಎಂಬತ್ತು ದಾಟುವತನಕ ಇದ್ದಳು. ಬ್ಯಾಂಕಿನಲ್ಲಿ ಒಂದೊಂದು ಪೈಸೆಗೂ ಯಾರದು ಎಂದು ಕೇಳಿದ ನಾನು ಅಮ್ಮನನ್ನು ಇದೊಂದು ಮಾತು ಕೇಳಲಿಲ್ಲ. ಮೊಮ್ಮಗಳು ನಮ್ಮಮ್ಮನ ಹೆಸರು ಬರೆದು, ಅದರ ಮೇಲಿನ ಗೆರೆಯನ್ನು ಖಾಲಿ ಬಿಟ್ಟಳು.

ಮಕ್ಕಳೇ, ಈ ಭಾನುವಾರ ನಿಮ್ಮ ಅಜ್ಜ ಅಜ್ಜಿಯರ ಪಕ್ಕ ಕುಳಿತು ಒಂದು ಹಾಡು ಹೇಳಿಸಿಕೊಳ್ಳಿ. ಯಾರು ಕಲಿಸಿದರು ಎಂದು ಕೇಳಿ ಹೆಸರನ್ನೂ ಬರೆದಿಡಿ. ಅಜ್ಜ ಅಜ್ಜಿಯರೇ, ದನಿ ಒಡೆದಿದೆ ಎಂದು ಸಂಕೋಚ ಬೇಡ. ಡಾಕ್ಟರ್ ಜಾನ್ ಅವರ ದನಿಯೂ ಹಾಗೇ ಇತ್ತು.